ವಕೀಲಿ ಬಿಟ್ಟು ಸಂಗೀತಕ್ಕೆ ಶಾಲೆ ಕಟ್ಟಿದ ಭಾತಖಂಡೆ

ನಮ್ಮ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದ ಈ ಸುವರ್ಣ ಮಹೋತ್ಸವದ ಸಂಚಿಕೆಗೆ ಯಾರಾದರೊಬ್ಬ ಹಿರಿಯರ ಜೀವನ ಚರಿತ್ರೆ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ನಾನು ಈ ಶಾಲೆಯ ಮೊದಮೊದಲ ತಂಡಗಳಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಮುಂದೆ ಧಾರವಾಡದಲ್ಲಿ ಸಂಗೀತ ಕಲಿತು, ಸರ್ಕಾರಿ ಶಾಲೆಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಂಗೀತ ಶಿಕ್ಷಕನಾಗಿ ದುಡಿದು ನಿವೃತ್ತನಾದವನು. ಆದ್ದರಿಂದ ನಾನು ಆರಿಸಿಕೊಳ್ಳುವ ಹಿರಿಯರು ಯಾರು ಎಂಬುದು ಮಂಡಳಿಯವರಿಗೆ ಮೊದಲೇ ಗೊತ್ತಿದ್ದಿರಬೇಕು.

ಇಷ್ಟು ವರ್ಷಗಳ ನೌಕರಿಯಲ್ಲಿ ಊರು ಬದಲಾಯಿತು, ಮಕ್ಕಳು ಬದಲಾದರು, ಆದರೆ ಪಾಲಕರ ಒಂದು ಪ್ರಶ್ನೆ ಮಾತ್ರ ಬದಲಾಗಲಿಲ್ಲ. ಮಗನೋ ಮಗಳೋ ಚೆನ್ನಾಗಿ ಹಾಡುತ್ತಾರೆ, ಸರಿ. ಆದರೆ ಸಂಗೀತವನ್ನೇ ಓದಿದರೆ ಮುಂದೆ ಹೊಟ್ಟೆಪಾಡು ಏನು ಎಂಬುದೇ ಆ ಪ್ರಶ್ನೆ. ಅದು ತಪ್ಪು ಪ್ರಶ್ನೆಯಲ್ಲ. ಮಳೆ ನಂಬಿ ಬದುಕುವ ನಮ್ಮಂಥ ಊರಿನ ತಂದೆತಾಯಿ ಕೇಳಲೇಬೇಕಾದ ಪ್ರಶ್ನೆ. ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳುವುದು ಕಷ್ಟ. ಅದಕ್ಕಾಗಿ, ಸಂಗೀತವನ್ನು ಕಾಲೇಜಿನಲ್ಲಿ ಕಲಿಯುವ ವಿದ್ಯೆಯನ್ನಾಗಿ ಮಾಡಲು ಜೀವ ತೇಯ್ದ ಪಂಡಿತ ವಿಷ್ಣು ನಾರಾಯಣ ಭಾತಖಂಡೆಯವರ ಬದುಕನ್ನು ಹೇಳಿ, ಆ ಮೂಲಕ ಉತ್ತರಕ್ಕೆ ಬರುತ್ತೇನೆ.

ಇಂದಿನ ಮಕ್ಕಳಿಗೆ ಮೊದಲು ಒಂದು ವಿಷಯ ಹೇಳಬೇಕು. ನೂರೈವತ್ತು ವರ್ಷಗಳ ಹಿಂದೆ ಹಿಂದೂಸ್ತಾನಿ ಸಂಗೀತ ಕಲಿಯಬೇಕೆಂದರೆ ಅರ್ಜಿ ತುಂಬುವ ಜಾಗವೇ ಇರಲಿಲ್ಲ. ವಿದ್ಯೆಯೆಲ್ಲ ಘರಾಣೆಗಳಲ್ಲಿ, ಅಂದರೆ ಉಸ್ತಾದರ ಮನೆತನಗಳಲ್ಲಿ ಇತ್ತು. ತಂದೆ ಮಗನಿಗೆ, ಮಾವ ಅಳಿಯನಿಗೆ ಹೇಳಿಕೊಡುವುದು. ಹೊರಗಿನ ಹುಡುಗನೊಬ್ಬ ಕಲಿಯಬೇಕೆಂದರೆ ಗುರುವಿನ ಮನೆಯಲ್ಲಿ ನೀರು ಹೊತ್ತು, ಹುಕ್ಕಾ ತುಂಬಿ, ವರ್ಷಗಟ್ಟಲೆ ಕಾಯಬೇಕು. ಗುರುವಿನ ಮನಸ್ಸು ಕರಗಿದರೆ ಒಂದು ಚೀಜು ಸಿಗುತ್ತಿತ್ತು. ಇಲ್ಲವಾದರೆ ಅದೂ ಇಲ್ಲ. ಹಾಡನ್ನು ಬರೆದಿಡುವ ವಾಡಿಕೆ ಇರಲಿಲ್ಲ. ಉಸ್ತಾದರು ತೀರಿಕೊಂಡರೆ ಅವರ ಜತೆಗೆ ನೂರಾರು ಹಾಡುಗಳೂ ಮಣ್ಣಾಗುತ್ತಿದ್ದವು. ಇದಕ್ಕಾಗಿ ಉಸ್ತಾದರನ್ನು ಬೈಯುವುದು ಸುಲಭ. ಆದರೆ ಅವರಿಗೆ ಹೊಲ ಇರಲಿಲ್ಲ, ಪಿಂಚಣಿ ಇರಲಿಲ್ಲ. ಅವರ ಪಾಲಿಗೆ ಆ ಹಾಡುಗಳೇ ಆಸ್ತಿ. ಆಸ್ತಿಯನ್ನು ಯಾರು ತಾನೇ ಕಂಡವರಿಗೆ ಹಂಚುತ್ತಾರೆ? ಇನ್ನೊಂದು ಕಡೆ, ಓದು ಬರಹ ಬಲ್ಲ ಮನೆತನಗಳಲ್ಲಿ ಸಂಗೀತ ಎಂದರೆ ಮಗ ಕೆಟ್ಟ ಎಂಬ ಭಯ. ಹೆಣ್ಣುಮಕ್ಕಳ ಮಾತಂತೂ ಎತ್ತುವಂತೆಯೇ ಇರಲಿಲ್ಲ.

ಇಂಥ ಕಾಲದಲ್ಲಿ 1860ರ ಆಗಸ್ಟ್ 10ರಂದು, ಕೃಷ್ಣಾಷ್ಟಮಿಯ ದಿನ, ಮುಂಬಯಿಯ ವಾಲ್ಕೇಶ್ವರದಲ್ಲಿ ಭಾತಖಂಡೆಯವರು ಹುಟ್ಟಿದರು. ಶ್ರೀಮಂತರ ಮನೆಯಲ್ಲ, ಸಂಗೀತಗಾರರ ಮನೆತನವೂ ಅಲ್ಲ. ದುಡಿದು ತಿನ್ನುವ ಸಾಧಾರಣ ಬ್ರಾಹ್ಮಣ ಕುಟುಂಬ. ಎಳೆಯ ವಯಸ್ಸಿನಲ್ಲಿ ಕೊಳಲು ಹಿಡಿದರು, ಹರೆಯದಲ್ಲಿ ಸಿತಾರ್ ಕಲಿತರು. ಆದರೆ ಓದು ಬಿಡಲಿಲ್ಲ. ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1885ರಲ್ಲಿ ಬಿ.ಎ., 1887ರಲ್ಲಿ ಎಲ್‌ಎಲ್.ಬಿ. ಮುಗಿಸಿದರು. ಆ ಕಾಲಕ್ಕೆ ಇದು ದೊಡ್ಡ ಪದವಿ. ಕೆಲವು ಕಾಲ ಕರಾಚಿಯಲ್ಲಿ ವಕೀಲಿ ಮಾಡಿ ಮತ್ತೆ ಮುಂಬಯಿಗೆ ಬಂದರು. ಸಂಗೀತದ ಹುಚ್ಚಿದ್ದರೂ ಕೈಯಲ್ಲಿ ಒಂದು ಉದ್ಯೋಗ ಇಟ್ಟುಕೊಂಡರು ಎಂಬುದನ್ನು ಪಾಲಕರು ಗಮನಿಸಬೇಕು. ಮುಂದೆ ಅವರು ಯಾರ ಮುಂದೆಯೂ ಕೈಚಾಚದೆ ಸಂಗೀತದ ಕೆಲಸ ಮಾಡಲು ಆದದ್ದು ಆ ದುಡಿಮೆಯಿಂದಲೇ.

ಮುಂಬಯಿಯಲ್ಲಿ ಪಾರ್ಸಿ ಗೃಹಸ್ಥರು ಕಟ್ಟಿದ್ದ ಗಾಯನ ಉತ್ತೇಜಕ ಮಂಡಳಿ ಎಂಬ ಸಂಸ್ಥೆ ಇತ್ತು. 1884ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಭಾತಖಂಡೆಯವರು ಅದರ ಸದಸ್ಯರಾದರು. ಊರಿಗೆ ಬಂದ ದೊಡ್ಡ ದೊಡ್ಡ ಗವಾಯಿಗಳ ಹಾಡುಗಾರಿಕೆ ಅಲ್ಲಿ ಆಗುತ್ತಿತ್ತು. ಕೇಳುತ್ತ ಕೇಳುತ್ತ ಅವರಿಗೆ ಒಂದು ತೊಡಕು ಕಂಡಿತು. ಒಬ್ಬ ಗವಾಯಿ ಹಾಡಿದ ರಾಗವನ್ನೇ ಇನ್ನೊಬ್ಬರು ಬೇರೆ ಸ್ವರಗಳಲ್ಲಿ ಹಾಡುತ್ತಾರೆ. ಯಾಕೆ ಹೀಗೆ ಎಂದು ಕೇಳಿದರೆ ನಮ್ಮ ಮನೆತನದ ರೀತಿ ಇದು ಎಂಬ ಉತ್ತರ. ಹಳೆಯ ಸಂಸ್ಕೃತ ಗ್ರಂಥ ತೆಗೆದರೆ ಅಲ್ಲಿ ಮೂರನೆಯ ರೀತಿ. ವಕೀಲರ ಬುದ್ಧಿ ಇಲ್ಲಿ ಕೆಲಸಕ್ಕೆ ಬಂತು. ಸಾಕ್ಷಿ ಕೂಡಿಸಬೇಕು, ಒಂದರ ಪಕ್ಕ ಒಂದು ಇಟ್ಟು ನೋಡಬೇಕು, ಆಮೇಲೆ ತೀರ್ಮಾನ ಹೇಳಬೇಕು ಎಂದು ನಿಶ್ಚಯಿಸಿದರು.

ಅಷ್ಟರಲ್ಲಿ ಮನೆಯಲ್ಲಿ ದುಃಖದ ಮೇಲೆ ದುಃಖ. 1900ರಲ್ಲಿ ಹೆಂಡತಿ ತೀರಿಕೊಂಡರು. 1903ರಲ್ಲಿ ಮಗಳೂ ಹೋದಳು. ನಲವತ್ತು ದಾಟಿದ ಮನುಷ್ಯ ಮನೆಯಲ್ಲಿ ಒಬ್ಬರೇ ಉಳಿದರು. ಎರಡನೆಯ ಮದುವೆ ಆಗಲಿಲ್ಲ. ಕ್ರಮೇಣ ವಕೀಲಿಯನ್ನೂ ಬಿಟ್ಟರು. ಬೇರೆಯವರಾಗಿದ್ದರೆ ಮೂಲೆ ಹಿಡಿಯುತ್ತಿದ್ದರು, ಇಲ್ಲವೇ ಕಾಶಿಗೆ ಹೋಗುತ್ತಿದ್ದರು. ಭಾತಖಂಡೆಯವರು ಊರೂರು ತಿರುಗಲು ಹೊರಟರು.

1904ರಲ್ಲಿ ಅವರು ಬಂದದ್ದು ದಕ್ಷಿಣಕ್ಕೆ. ಮದರಾಸು, ತಂಜಾವೂರು, ಮಧುರೆ ನೋಡಿಕೊಂಡು ಎಟ್ಟಯಪುರಕ್ಕೆ ಹೋದರು. ಅಲ್ಲಿ ಮುತ್ತುಸ್ವಾಮಿ ದೀಕ್ಷಿತರ ಮನೆತನದ ಸುಬ್ಬರಾಮ ದೀಕ್ಷಿತರ ಭೇಟಿಯಾಯಿತು. ವೆಂಕಟಮಖಿ ಬರೆದ ಚತುರ್ದಂಡೀ ಪ್ರಕಾಶಿಕೆ ಎಂಬ ಗ್ರಂಥದ ಪ್ರತಿ ಅವರಿಗೆ ಸಿಕ್ಕಿದ್ದು ಈ ಪ್ರವಾಸದಲ್ಲಿ. ಎಲ್ಲ ರಾಗಗಳನ್ನೂ 72 ಮೇಳಗಳ ಕೆಳಗೆ ಹೊಂದಿಸಿಡುವ ಲೆಕ್ಕಾಚಾರ ಆ ಗ್ರಂಥದ್ದು. ಕನ್ನಡಿಗರು ಹೆಮ್ಮೆಪಡಬೇಕಾದ ಮಾತೊಂದು ಇಲ್ಲಿದೆ. ಈ ವೆಂಕಟಮಖಿಯ ತಂದೆ, ತಂಜಾವೂರು ನಾಯಕರ ಮಂತ್ರಿಯಾಗಿದ್ದ ಗೋವಿಂದ ದೀಕ್ಷಿತರು, ಕನ್ನಡ ಮನೆತನದವರು. ಅಷ್ಟೇ ಅಲ್ಲ, ಭಾತಖಂಡೆಯವರು ಮತ್ತೆ ಮತ್ತೆ ಓದಿದ ಇನ್ನೊಬ್ಬ ಶಾಸ್ತ್ರಕಾರ ಪುಂಡರೀಕ ವಿಠ್ಠಲ ಕೂಡ ನಮ್ಮ ಶಿವಗಂಗೆ ಬೆಟ್ಟದ ಸೀಮೆಯಿಂದ ಉತ್ತರಕ್ಕೆ ಹೋಗಿ ಅಲ್ಲಿಯ ರಾಗಗಳ ಬಗ್ಗೆ ಗ್ರಂಥ ಬರೆದವನು. ಉತ್ತರದ ಸಂಗೀತಕ್ಕೆ ಶಾಸ್ತ್ರದ ಬುನಾದಿ ಹಾಕುವಾಗ ಕನ್ನಡ ನೆಲದ ವಿದ್ಯೆಯೂ ಅದರೊಳಗೆ ಸೇರಿತ್ತು.

1907ರಲ್ಲಿ ನಾಗಪುರ, ಹೈದರಾಬಾದು, ಕಲಕತ್ತೆಗಳ ಕಡೆ ತಿರುಗಿದರು. 1908ರಲ್ಲಿ ಕಾಶಿ, ಪ್ರಯಾಗ, ಲಖನೌ, ಆಗ್ರಾ, ಜೈಪುರ, ಬಿಕಾನೇರಗಳಿಗೆ ಹೋದರು. ಹೋದಲ್ಲೆಲ್ಲ ಅವರ ಕೆಲಸ ಎರಡು. ಒಂದು, ಅರಮನೆ ಗ್ರಂಥಾಲಯಗಳಲ್ಲಿ ಹಳೆಯ ಹಸ್ತಪ್ರತಿ ಹುಡುಕಿ ನಕಲು ಮಾಡಿಸುವುದು. ಎರಡು, ಪಂಡಿತರನ್ನೂ ಗವಾಯಿಗಳನ್ನೂ ಕಂಡು ಪ್ರಶ್ನೆ ಕೇಳುವುದು. ನಡೆದದ್ದನ್ನೆಲ್ಲ ದಿನಚರಿಯಲ್ಲಿ ಬರೆದಿಟ್ಟರು. ಕೆಲವರು ಪ್ರೀತಿಯಿಂದ ಮಾತಾಡಿದರು, ಕೆಲವರು ತಪ್ಪಿಸಿಕೊಂಡರು, ಕೆಲವರಿಗೆ ಈ ವಕೀಲರ ಪಾಟೀಸವಾಲು ಹಿಡಿಸಲಿಲ್ಲ.

ಹಾಡುಗಳ ಸಂಗ್ರಹ ಅದಕ್ಕಿಂತ ಕಷ್ಟದ ಕೆಲಸ. ಜೈಪುರದ ಮನರಂಗ್ ಪರಂಪರೆಯ ಮಹಮ್ಮದ್ ಅಲಿ ಖಾನರ ಮನೆತನದಿಂದ ನೂರಾರು ಚೀಜುಗಳನ್ನು ಪಡೆದರು. ರಾಂಪುರದಲ್ಲಿ ತಾನಸೇನನ ಪರಂಪರೆಯ ವಜೀರ್ ಖಾನರು ನವಾಬ ಹಮೀದ್ ಅಲಿ ಖಾನರ ಆಸ್ಥಾನದಲ್ಲಿದ್ದರು. ಭಾತಖಂಡೆಯವರಿಗೆ ಆಗ ಐವತ್ತು ದಾಟಿತ್ತು. ಅವರು ಬರೆದ ಗ್ರಂಥಗಳು ಹೊರಬಂದಿದ್ದವು. ಆದರೂ ಅಲ್ಲಿ ಶಿಷ್ಯರಾಗಿ ಗಂಡಾ ಕಟ್ಟಿಸಿಕೊಂಡರು, ಅಂದರೆ ಗುರು ಶಿಷ್ಯನ ಕೈಗೆ ದಾರ ಕಟ್ಟುವ ಶಾಸ್ತ್ರಕ್ಕೆ ಕೈ ಒಡ್ಡಿದರು. ವಿದ್ಯೆ ಸಿಗುತ್ತದೆ ಎಂದರೆ ವಯಸ್ಸು, ಜಾತಿ, ಪದವಿ ಯಾವುದನ್ನೂ ಅಡ್ಡ ತರಲಿಲ್ಲ. ಈ ಒಂದು ಸಂಗತಿಗಾಗಿಯೇ ನಾನು ಅವರನ್ನು ಕೈಮುಗಿದು ನೆನೆಯುತ್ತೇನೆ.

ಕೂಡಿಸಿದ್ದನ್ನು ಅವರು ಕಪಾಟಿನಲ್ಲಿ ಬೀಗ ಹಾಕಿ ಇಡಲಿಲ್ಲ. ಚತುರ ಪಂಡಿತ ಎಂಬ ಹೆಸರಿನಲ್ಲಿ ಸಂಸ್ಕೃತದಲ್ಲಿ ಶ್ರೀಮಲ್ಲಕ್ಷ್ಯಸಂಗೀತ ಎಂಬ ಗ್ರಂಥ ಬರೆದರು. ಪಂಡಿತರಿಗೆ ಅದು ಸಾಕು, ಸಾಮಾನ್ಯರಿಗೆ? ಅದಕ್ಕಾಗಿ ಹಿಂದುಸ್ಥಾನಿ ಸಂಗೀತ ಪದ್ಧತಿ ಎಂಬ ನಾಲ್ಕು ಸಂಪುಟಗಳನ್ನು ಮರಾಠಿಯಲ್ಲಿ, ಗುರು ಶಿಷ್ಯರು ಕುಳಿತು ಮಾತಾಡಿದ ಹಾಗೆ ಬರೆದರು. ಆಮೇಲೆ ಬಂದದ್ದು ಕ್ರಮಿಕ ಪುಸ್ತಕ ಮಾಲಿಕೆಯ ಆರು ಸಂಪುಟಗಳು. ಉಸ್ತಾದರಿಂದ ಕೂಡಿಸಿದ ಸಾವಿರಕ್ಕೂ ಮಿಕ್ಕಿದ ಹಾಡುಗಳು ಸ್ವರಲಿಪಿ ಸಮೇತ ಅದರಲ್ಲಿವೆ. ಕೊನೆಯ ಎರಡು ಸಂಪುಟ ಹೊರಬಂದದ್ದು ಅವರು ತೀರಿಕೊಂಡ ಮೇಲೆ.

ಸ್ವರಲಿಪಿ ಎಂದರೆ ದೊಡ್ಡ ಮಂತ್ರವೇನಲ್ಲ. ಶುದ್ಧ ಸ್ವರಕ್ಕೆ ಗುರುತಿಲ್ಲ. ಕೋಮಲ ಸ್ವರದ ಅಕ್ಷರದ ಕೆಳಗೆ ಒಂದು ಅಡ್ಡಗೆರೆ. ತೀವ್ರ ಮಧ್ಯಮದ ತಲೆಯ ಮೇಲೆ ಒಂದು ನಿಂತ ಗೆರೆ. ಮಂದ್ರದ ಸ್ವರಕ್ಕೆ ಕೆಳಗೆ ಚುಕ್ಕೆ, ತಾರದ ಸ್ವರಕ್ಕೆ ಮೇಲೆ ಚುಕ್ಕೆ. ತಾಳದ ಸಮಕ್ಕೆ ಗುಣಾಕಾರದ ಚಿಹ್ನೆ, ಖಾಲಿಗೆ ಸೊನ್ನೆ. ಐದನೆಯ ಇಯತ್ತೆಯ ಮಗುವೂ ಅರ್ಧ ಗಂಟೆಯಲ್ಲಿ ಕಲಿಯಬಹುದು. ಇದು ಇಷ್ಟು ಸರಳವಾಗಿ ಇರುವುದೇ ಇದರ ದೊಡ್ಡತನ. ಹಾಗೆಯೇ ರಾಗಗಳನ್ನೆಲ್ಲ ಬಿಲಾವಲ್, ಕಲ್ಯಾಣ, ಖಮಾಜ್, ಭೈರವ, ಪೂರ್ವಿ, ಮಾರವಾ, ಕಾಫಿ, ಆಸಾವರಿ, ಭೈರವಿ, ತೋಡಿ ಎಂಬ ಹತ್ತು ಥಾಟುಗಳಲ್ಲಿ ವಿಂಗಡಿಸಿದರು. ದಕ್ಷಿಣದ 72ರ ಲೆಕ್ಕಾಚಾರ ನೋಡಿ, ಉತ್ತರದಲ್ಲಿ ನಿಜವಾಗಿ ಹಾಡುವ ರಾಗಗಳಿಗೆ ಹತ್ತು ಸಾಕು ಎಂದು ಇಳಿಸಿದರು. ನಾನು ಧಾರವಾಡದಲ್ಲಿ ಕಲಿಯುವಾಗ ಕ್ರಮಿಕ ಪುಸ್ತಕ ಮಾಲಿಕೆ ಕೊಳ್ಳಲು ದುಡ್ಡಿರಲಿಲ್ಲ. ಗ್ರಂಥಾಲಯದಲ್ಲಿ ಕುಳಿತು ದಿನಕ್ಕೆರಡು ಹಾಡಿನಂತೆ ನೋಟುಬುಕ್ಕಿಗೆ ಇಳಿಸಿಕೊಂಡೆ. ಜೈಪುರದ, ರಾಂಪುರದ ಯಾರದೋ ಮನೆತನದ ಆಸ್ತಿಯಾಗಿದ್ದ ಹಾಡು, ಒಕ್ಕಲುತನದ ಮನೆಯ ಹುಡುಗನೊಬ್ಬನ ನೂರು ಪುಟದ ನೋಟುಬುಕ್ಕಿನೊಳಗೆ ಬಂದು ಕುಳಿತಿತ್ತು. ಆ ನೋಟುಬುಕ್ಕು ಇಂದಿಗೂ ನನ್ನ ಬಳಿ ಇದೆ.

ಪುಸ್ತಕ ಆಯಿತು. ಆದರೆ ಪುಸ್ತಕ ನೋಡಿ ಯಾರೂ ಗಾಯಕರಾಗುವುದಿಲ್ಲ ಎಂಬುದು ಭಾತಖಂಡೆಯವರಿಗೂ ತಿಳಿದಿತ್ತು. ಹೇಳಿಕೊಡಲು ಗುರುಗಳು ಬೇಕು, ಕುಳಿತು ಕಲಿಯಲು ಕಟ್ಟಡ ಬೇಕು, ಕಲಿತದ್ದಕ್ಕೆ ಮನ್ನಣೆ ಬೇಕು. ದೇಶದ ಗವಾಯಿಗಳನ್ನೂ ಪಂಡಿತರನ್ನೂ ಒಂದೇ ಚಾವಣಿಯ ಕೆಳಗೆ ಕೂಡಿಸಲು 1916ರಲ್ಲಿ ಬರೋಡೆಯಲ್ಲಿ, ಮಹಾರಾಜ ಸಯಾಜಿರಾವ್ ಗಾಯಕವಾಡರ ಆಶ್ರಯದಲ್ಲಿ, ಮೊದಲನೆಯ ಅಖಿಲ ಭಾರತ ಸಂಗೀತ ಪರಿಷತ್ತು ನಡೆಸಿದರು. ಆಮೇಲೆ ದಿಲ್ಲಿ, ಕಾಶಿ, ಲಖನೌಗಳಲ್ಲಿಯೂ ಪರಿಷತ್ತುಗಳಾದವು. ಬರೋಡೆಯ ಸಂಗೀತ ಶಾಲೆಯನ್ನು ತಿದ್ದಿ ಕಟ್ಟಿದರು. ಗ್ವಾಲಿಯರಿನ ಮಹಾರಾಜ ಮಾಧವರಾವ್ ಸಿಂಧಿಯಾ ತಮ್ಮ ಊರಿನ ಕೆಲವು ಗಾಯಕರನ್ನು ಮುಂಬಯಿಗೆ ಕಳಿಸಿದಾಗ ಅವರಿಗೆ ಪಾಠ ಮಾಡುವ ಕ್ರಮ ಕಲಿಸಿದರು. ಹಾಡಲು ಬರುವುದು ಬೇರೆ, ಹಾಡು ಕಲಿಸಲು ಬರುವುದು ಬೇರೆ ಎಂಬುದನ್ನು ಅವರು ಆಗಲೇ ಅರಿತಿದ್ದರು. ಆ ಗಾಯಕರು ಹಿಂತಿರುಗಿದ ಮೇಲೆ 1918ರಲ್ಲಿ ಗ್ವಾಲಿಯರಿನಲ್ಲಿ ಮಾಧವ ಸಂಗೀತ ವಿದ್ಯಾಲಯ ಆರಂಭವಾಯಿತು.

ಅವರ ದೊಡ್ಡ ಕನಸು ಕೈಗೂಡಿದ್ದು ಲಖನೌದಲ್ಲಿ. ರಾಯ್ ಉಮಾನಾಥ ಬಲಿ ಎಂಬ ತಾಲೂಕದಾರರು ಹೆಗಲು ಕೊಟ್ಟರು. 1926ರಲ್ಲಿ ಕಾಲೇಜು ತೆರೆಯಿತು. ಆಗಿನ ಗವರ್ನರ್ ಸರ್ ವಿಲಿಯಂ ಮ್ಯಾರಿಸ್ ಅವರ ಹೆಸರನ್ನು ಅದಕ್ಕೆ ಇಟ್ಟರು. ಒಂದು ಜೀವನವನ್ನೇ ಧಾರೆಯೆರೆದವರ ಹೆಸರು ಅಲ್ಲಿ ಇರಲಿಲ್ಲ, ಅವರು ಅದನ್ನು ಬಯಸಲೂ ಇಲ್ಲ. ಭಾತಖಂಡೆಯವರಿಗೆ ಆಗ 66 ವರ್ಷ. ನಾವು ನಿವೃತ್ತಿಯ ಲೆಕ್ಕ ಹಾಕುವ ವಯಸ್ಸು ದಾಟಿದ ಮೇಲೆ ಅವರು ಮುಂಬಯಿಯಿಂದ ಲಖನೌಗೆ ಹೋಗಿ ಬಂದು ಪಠ್ಯಕ್ರಮ ಬರೆದರು, ಪಾಠ ಹೇಳಿದರು, ಸಾಲದ್ದಕ್ಕೆ ತಮ್ಮ ಕೈಯಿಂದಲೂ ಹಣ ಹಾಕಿದರು. ತಾವು ಬೆಳೆಸಿದ ಶಿಷ್ಯ ಶ್ರೀಕೃಷ್ಣ ನಾರಾಯಣ ರಾತಂಜನಕರ್ ಅವರನ್ನು ಅಲ್ಲಿಗೆ ಕರೆದುಕೊಂಡರು. ಈ ರಾತಂಜನಕರ್ ಬರೋಡೆಯಲ್ಲಿ ಆಗ್ರಾ ಘರಾಣೆಯ ಫೈಯಾಜ್ ಖಾನರ ಬಳಿ ಕಲಿತವರು, ಜತೆಗೆ ಮುಂಬಯಿಯಲ್ಲಿ ಬಿ.ಎ. ಪದವಿ ಪಡೆದವರು. ಘರಾಣೆಯ ತಾಲೀಮು ಮತ್ತು ಕಾಲೇಜಿನ ಓದು ಎರಡೂ ಒಬ್ಬರಲ್ಲೇ ಕೂಡಬಹುದು ಎಂಬುದಕ್ಕೆ ಅವರೇ ಉದಾಹರಣೆ. 1928ರಲ್ಲಿ ಅವರು ಪ್ರಾಂಶುಪಾಲರಾದರು.

ಇಷ್ಟು ಹೇಳಿ ಭಾತಖಂಡೆಯವರನ್ನು ದೇವರ ಪಟದ ಪಕ್ಕ ಕೂರಿಸಲು ನನಗೆ ಇಷ್ಟವಿಲ್ಲ. ಅವರ ಮಾತು ಖಾರ. ಓದು ಬಾರದ ಉಸ್ತಾದರ ಬಗ್ಗೆ ಅವರು ಬರೆದ ಕೆಲವು ಮಾತುಗಳು ಇಂದು ಓದಿದರೂ ನೋಯಿಸುತ್ತವೆ. ಅವರಿಗೆ ಹಾಡು ಕೊಟ್ಟವರೇ ಆ ಉಸ್ತಾದರಲ್ಲವೇ? ಕುಂದಗೋಳದ ಸವಾಯಿ ಗಂಧರ್ವರ ಗುರುಗಳಾದ ಅಬ್ದುಲ್ ಕರೀಂ ಖಾನರು ಶ್ರುತಿಗಳ ವಿಚಾರದಲ್ಲಿ ಅವರನ್ನು ಒಪ್ಪಲಿಲ್ಲ. ಹತ್ತು ಥಾಟುಗಳ ಗೂಡಿನಲ್ಲಿ ಎಷ್ಟೋ ರಾಗಗಳು ಸರಿಯಾಗಿ ಕೂಡುವುದಿಲ್ಲ ಎಂದು ಓಂಕಾರನಾಥ ಠಾಕೂರರು ವಾದಿಸಿದರು. ಅದೇ ಠಾಕೂರರು ಮುಂದೆ ಕಾಶಿ ಹಿಂದೂ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿನ ಮೊದಲ ಪ್ರಾಂಶುಪಾಲರಾದರು. ಥಾಟುಗಳ ಬಗ್ಗೆ ಜಗಳ ಉಳಿಯಿತು. ಸಂಗೀತಕ್ಕೆ ಕಾಲೇಜು ಬೇಕೇ ಬೇಡವೇ ಎಂಬ ಜಗಳ ಮುಗಿಯಿತು. ಇನ್ನೊಂದು ಮಾತನ್ನೂ ಮರೆಯಬಾರದು. ಈ ದಾರಿಯಲ್ಲಿ ನಡೆದವರು ಭಾತಖಂಡೆ ಒಬ್ಬರೇ ಅಲ್ಲ. ಅವರಿಗಿಂತ ಮೊದಲೇ, 1901ರಲ್ಲಿ, ನಮ್ಮ ಗಡಿಯ ಹತ್ತಿರದ ಕುರುಂದವಾಡದವರಾದ ವಿಷ್ಣು ದಿಗಂಬರ ಪಲುಸ್ಕರರು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದಿದ್ದರು. ನಮ್ಮ ಭಾಗದ ಮಕ್ಕಳು ಇಂದು ಕಟ್ಟುವ ವಿಶಾರದ ಪರೀಕ್ಷೆಗಳಲ್ಲಿ ಹೆಚ್ಚಿನವು ಪಲುಸ್ಕರರ ಪರಂಪರೆಯವು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು ಮತ್ತು ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ, ಹಣವಿಲ್ಲದ ಮಕ್ಕಳಿಗೆ ಅನ್ನ ಹಾಕಿ ವಿದ್ಯೆ ಕೊಟ್ಟದ್ದು ಇನ್ನೊಂದು ದಾರಿ. ದಾರಿಗಳು ಬೇರೆ ಬೇರೆ. ವಿದ್ಯೆ ಬೇಡಿ ಬಂದವರಿಗೆ ಬಾಗಿಲು ಹಾಕಬಾರದು ಎಂಬುದು ಮಾತ್ರ ಎಲ್ಲರದ್ದೂ ಒಂದೇ.

1933ರಲ್ಲಿ ಭಾತಖಂಡೆಯವರಿಗೆ ಪಾರ್ಶ್ವವಾಯು ಬಡಿಯಿತು. ಮೂರು ವರ್ಷ ಹಾಸಿಗೆಯಲ್ಲಿದ್ದು 1936ರ ಸೆಪ್ಟೆಂಬರ್ 19ರಂದು, ಗಣೇಶ ಚತುರ್ಥಿಯ ದಿನ, ತೀರಿಕೊಂಡರು. ಹಿಂದೆ ಮಕ್ಕಳಿರಲಿಲ್ಲ. ಉಳಿದದ್ದು ಪುಸ್ತಕಗಳು, ಶಿಷ್ಯರು, ಕಾಲೇಜು.

ಅದೇ 1936ರಲ್ಲಿ ನಮ್ಮ ಬೈಲಹೊಂಗಲದ ಹನ್ನೊಂದು ವರ್ಷದ ಹುಡುಗನೊಬ್ಬ ಸಂಗೀತ ಕಲಿಯಲೆಂದು ಲಖನೌಗೆ ಹೋದ. ಅವರೇ ಮುಂದೆ ಪಂಡಿತ ಕೆ.ಜಿ. ಗಿಂಡೆ ಎಂದು ಹೆಸರಾದವರು. ಆಗಿನ ಕಾಲದಲ್ಲಿ ಬೈಲಹೊಂಗಲದಿಂದ ಲಖನೌ ಎಂದರೆ ಇನ್ನೊಂದು ದೇಶ. ಭಾಷೆ ಬೇರೆ, ಊಟ ಬೇರೆ, ಚಳಿ ಬೇರೆ. ರಾತಂಜನಕರ್ ಅವರ ಮನೆಯಲ್ಲೇ ಮಗನಂತೆ ಬೆಳೆದು ಕಲಿತರು. ಮುಂದೆ ಮುಂಬಯಿಯ ವಲ್ಲಭ ಸಂಗೀತಾಲಯದ ಪ್ರಾಂಶುಪಾಲರಾಗಿ ನೂರಾರು ಶಿಷ್ಯರನ್ನು ತಯಾರಿಸಿದರು. ಎಂಥ ಅಪರೂಪದ ರಾಗ ಕೇಳಿದರೂ ಅವರ ಬಳಿ ನಾಲ್ಕು ಬಂದಿಶು ಇರುತ್ತಿದ್ದವು ಎಂದು ಬಲ್ಲವರು ಹೇಳುತ್ತಾರೆ. ಭಟ್ಕಳದ ಬಳಿಯ ಶಿರಾಲಿಯ ಎಸ್.ಸಿ.ಆರ್. ಭಟ್ ಅವರೂ ಲಖನೌದಲ್ಲಿ ಕಲಿತು ಮುಂಬಯಿಯಲ್ಲಿ ಗುರುಗಳಾದರು. ಬೆಂಗಳೂರಿನ ಚಿದಾನಂದ ನಗರಕರ್ ಅಲ್ಲಿಯೇ ಕಲಿತು 1946ರಲ್ಲಿ ಮುಂಬಯಿಯ ಭಾರತೀಯ ವಿದ್ಯಾಭವನದ ಸಂಗೀತ ಶಾಲೆಯ ಮುಖ್ಯಸ್ಥರಾದರು. ಉತ್ತರ ಕನ್ನಡ ಮೂಲದ ದಿನಕರ ಕಾಯ್ಕಿಣಿ ಅಲ್ಲಿ ಓದಿ ಆಕಾಶವಾಣಿಯಲ್ಲಿ ಕೆಲಸ ಮಾಡಿ, ಆಮೇಲೆ ಅದೇ ವಿದ್ಯಾಭವನದಲ್ಲಿ ಪ್ರಾಂಶುಪಾಲರಾದರು. ಈ ನಾಲ್ವರೂ ಉಸ್ತಾದರ ಮನೆತನದಲ್ಲಿ ಹುಟ್ಟಿದವರಲ್ಲ. ಕಾಲೇಜು ಇರದಿದ್ದರೆ ಇವರಿಗೆ ಆ ಹಾಡುಗಳು ಸಿಗುವ ಮಾತೇ ಇರಲಿಲ್ಲ.

ಇನ್ನು ಪಾಲಕರ ಪ್ರಶ್ನೆಗೆ ಬರುತ್ತೇನೆ. ಲಖನೌದ ಆ ಒಂದು ಕಾಲೇಜಿನಲ್ಲಿ ಕಲಿತವರೆಲ್ಲ ಕಛೇರಿ ಗಾಯಕರಾಗಲಿಲ್ಲ. ರೋಶನ್ ಎಂಬ ಹುಡುಗ ಅಲ್ಲಿ ಕಲಿತು ದಿಲ್ಲಿಯ ಆಕಾಶವಾಣಿಯಲ್ಲಿ ವಾದ್ಯಗಾರನಾಗಿ, ಆಮೇಲೆ ಹಿಂದಿ ಸಿನಿಮಾದ ದೊಡ್ಡ ಸಂಗೀತ ನಿರ್ದೇಶಕನಾದ. ತಲತ್ ಮಹಮೂದ್ ಅಲ್ಲಿಂದ ಹೊರಟು ಗಜಲ್ ಮತ್ತು ಸಿನಿಮಾ ಹಾಡಿನಲ್ಲಿ ಮನೆಮಾತಾದರು. ಸುಮತಿ ಮುಟಾಟಕರ್ ರಾತಂಜನಕರ್ ಅವರ ಬಳಿ ಕಲಿತು ದಿಲ್ಲಿ ವಿಶ್ವವಿದ್ಯಾಲಯದಲ್ಲಿ ಸಂಗೀತ ವಿಭಾಗವನ್ನು ನಡೆಸಿದರು. ಶ್ರೀಲಂಕೆಯಿಂದ ಬಂದು ಕಲಿತ ಅಮರದೇವ ತಮ್ಮ ನಾಡಿನ ಸಂಗೀತಕ್ಕೇ ಹೊಸ ರೂಪ ಕೊಟ್ಟರು. ಮಾಲ್ದೀವ್ಸ್ ದೇಶದ ರಾಷ್ಟ್ರಗೀತೆಗೆ ರಾಗ ಹಾಕಿದವರೂ ಅವರೇ. ಭಾತಖಂಡೆಯವರ ಬಳಿ ಕಲಿತ ಖುರ್ಷಿದ್ ಹೋಮ್‌ಜಿ ಎಂಬ ಪಾರ್ಸಿ ಹೆಣ್ಣುಮಗಳು ಸರಸ್ವತಿ ದೇವಿ ಎಂಬ ಹೆಸರಿನಲ್ಲಿ ಬಾಂಬೆ ಟಾಕೀಸಿನ ಚಿತ್ರಗಳಿಗೆ ಸಂಗೀತ ಕೊಟ್ಟರು. ಹಿಂದಿ ಚಿತ್ರರಂಗದ ಮೊದಮೊದಲ ಮಹಿಳಾ ಸಂಗೀತ ನಿರ್ದೇಶಕರಲ್ಲಿ ಅವರೊಬ್ಬರು. ಒಂದೇ ವಿದ್ಯೆ, ಹಲವು ಕವಲು. ರಾತಂಜನಕರ್ ಅವರು ಮುಂದೆ ಖೈರಾಗಢದ ಇಂದಿರಾ ಕಲಾ ಸಂಗೀತ ವಿಶ್ವವಿದ್ಯಾಲಯದ ಕುಲಪತಿಗಳೂ ಆದರು. ಲಖನೌದ ಕಾಲೇಜಿಗೆ 1966ರಲ್ಲಿ ಕೊನೆಗೂ ಭಾತಖಂಡೆಯವರ ಹೆಸರು ಬಂತು. ಇಂದು ಅದೇ ಒಂದು ವಿಶ್ವವಿದ್ಯಾಲಯ.

ನಮ್ಮ ರಾಜ್ಯದಲ್ಲಿ ಈಗ ದೂರ ಹೋಗುವ ಕಾರಣವಿಲ್ಲ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪದವಿ ಇದೆ; ಮಲ್ಲಿಕಾರ್ಜುನ ಮನಸೂರರಂಥವರು ಅಲ್ಲಿಯ ಸಂಗೀತ ವಿಭಾಗದ ಗೌರವ ನಿರ್ದೇಶಕರಾಗಿದ್ದರು. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಅವರ ಹೆಸರಿನ ಸಂಗೀತ ವಿಶ್ವವಿದ್ಯಾಲಯವೇ ಇದೆ. ಪಾಲಕರೇ, ಕೆಲಸಗಳ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಶಾಲೆಯ ಸಂಗೀತ ಶಿಕ್ಷಕರ ಹುದ್ದೆ ಇದೆ, ಆದರೆ ಹುದ್ದೆಗಳು ಕಡಿಮೆ, ನೇಮಕಾತಿಗೆ ಕಾಯಬೇಕು. ಕಾಲೇಜು ಉಪನ್ಯಾಸಕರಾಗಲು ಸ್ನಾತಕೋತ್ತರ ಪದವಿಯ ಮೇಲೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಆಕಾಶವಾಣಿಯ ಧ್ವನಿ ಪರೀಕ್ಷೆ ಪಾಸಾದರೆ ಗ್ರೇಡ್ ಸಿಗುತ್ತದೆ. ಅದು ಸಂಬಳದ ನೌಕರಿಯಲ್ಲ, ಆದರೆ ಕಾರ್ಯಕ್ರಮಕ್ಕೆ ಕರೆಯುವವರಿಗೆ ಅದೊಂದು ಭರವಸೆ. ತಬಲಾ, ಹಾರ್ಮೋನಿಯಂ ಸಾಥಿಗೆ ಒಳ್ಳೆಯ ಕೈ ಇದ್ದವರು ಬರಿಗೈಯಲ್ಲಿ ಕುಳಿತದ್ದನ್ನು ನಾನು ಕಂಡಿಲ್ಲ. ಧ್ವನಿಮುದ್ರಣ, ನಾಟಕ, ಸಿನಿಮಾ, ಮನೆಪಾಠ ಇವೆ. ಅಮೆರಿಕ, ದುಬೈಗಳಲ್ಲಿರುವ ನಮ್ಮವರ ಮಕ್ಕಳಿಗೆ ಊರಿನಿಂದಲೇ ಕಂಪ್ಯೂಟರಿನಲ್ಲಿ ಪಾಠ ಹೇಳುವ ನನ್ನ ಶಿಷ್ಯೆಯೊಬ್ಬಳು ನಾನು ನೌಕರಿ ಸೇರಿದಾಗಿನ ಸಂಬಳಕ್ಕಿಂತ ಎಷ್ಟೋ ಹೆಚ್ಚು ಗಳಿಸುತ್ತಾಳೆ. ಕಛೇರಿಯಿಂದಲೇ ಬದುಕುವವರು ಮಾತ್ರ ಬೆರಳೆಣಿಕೆಯಷ್ಟು. ಆ ಆಸೆ ಇಟ್ಟುಕೊಳ್ಳಲಿ, ಅದೊಂದನ್ನೇ ನಂಬಿ ಕೂಡುವುದು ಬೇಡ.

ಪದವಿ ಪತ್ರ ಒಂದೇ ಸಾಲದು ಎಂಬುದನ್ನು ಮಕ್ಕಳಿಗೂ ಹೇಳುತ್ತೇನೆ. ಕಾಲೇಜು ಬಾಗಿಲು ತೆರೆಯುತ್ತದೆ, ರಿಯಾಜು ಮಾಡುವುದಿಲ್ಲ. ಬೆಳಗಿನ ಜಾವ ಎದ್ದು ಷಡ್ಜ ಹಿಡಿಯುವ ಕೆಲಸ ನಿಮ್ಮದೇ. ಮೂರು ವರ್ಷದ ಕೋರ್ಸಿನಲ್ಲಿ ಕಲಿಯುವುದು ಒಂದು ಪಾಲು, ಆಮೇಲೆ ಗುರುವಿನ ಮುಂದೆ ಕುಳಿತು ಕಲಿಯುವುದು ಮೂರು ಪಾಲು. ಎಂಟನೆಯ, ಒಂಬತ್ತನೆಯ ತರಗತಿಯಲ್ಲಿ ಇರುವಾಗಲೇ ಜೂನಿಯರ್ ಪರೀಕ್ಷೆಗೆ ಕಟ್ಟಿ ನೋಡಿ. ನಿಮ್ಮ ಕಿವಿ ಎಷ್ಟು ಸಾಗುತ್ತದೆ ಎಂಬುದು ನಿಮಗೇ ತಿಳಿಯುತ್ತದೆ. ವಕೀಲರಾಗಿ, ಎಂಜಿನಿಯರಾಗಿ, ಒಕ್ಕಲುತನ ಮಾಡುತ್ತಲೂ ಸಂಗೀತ ಉಳಿಸಿಕೊಳ್ಳಬಹುದು. ಭಾತಖಂಡೆಯವರೇ ಮೊದಲು ಹಾಗೆ ಮಾಡಿದವರು.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿ ಮತ್ತು ಗ್ರಾಮಸ್ಥರಲ್ಲಿ ಒಂದು ವಿನಂತಿ. ನಮ್ಮ ಶಾಲೆಯಲ್ಲಿ ಐವತ್ತು ವರ್ಷಗಳಲ್ಲಿ ಒಮ್ಮೆಯೂ ಸಂಗೀತ ಶಿಕ್ಷಕರ ಹುದ್ದೆ ಬಂದಿಲ್ಲ. ನಾವು ಪ್ರಾರ್ಥನೆಯನ್ನು ಗಣಿತದ ಗುರುಗಳಿಂದಲೇ ಕಲಿತೆವು. ಅವರು ಶ್ರುತಿ ತಪ್ಪದೆ ಕಲಿಸಿದರು ಎಂಬುದು ನಮ್ಮ ಪುಣ್ಯ. ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆದಿದೆ, ಸಂತೋಷ. ಅದರ ಜತೆಗೆ ಒಂದು ಹಾರ್ಮೋನಿಯಂ, ಒಂದು ಜೋಡಿ ತಬಲಾ, ಮೀರಜಿನ ಎರಡು ತಂಬೂರಿ, ಕ್ರಮಿಕ ಪುಸ್ತಕ ಮಾಲಿಕೆಯ ಆರು ಸಂಪುಟ ತರಿಸಿ ಒಂದು ಕೊಠಡಿಯಲ್ಲಿ ಇಡೋಣ. ಹುದ್ದೆ ಬರುವ ತನಕ ವಾರಕ್ಕೆ ಎರಡು ದಿನ, ಶನಿವಾರ ಮತ್ತು ಬುಧವಾರ, ಶಾಲೆ ಬಿಟ್ಟ ಮೇಲೆ ಬಂದು ಪಾಠ ಹೇಳಲು ನಾನು ಸಿದ್ಧನಿದ್ದೇನೆ. ಸಂಬಳ ಬೇಡ. ಕಲಿಯಲು ಬರುವ ಮಗು ಯಾರ ಮನೆಯದು ಎಂದು ನಾನು ಕೇಳುವುದಿಲ್ಲ.